ಒಂದು ಶಾಲೆಯ ಒಬ್ಬ ಟೀಚರ್: ಅಮೆರಿಕದ ಸಂಸತ್ ಸದಸ್ಯರಿಗೊಂದು ಬಹಿರಂಗ ಪತ್ರ

ಅಮೆರಿಕ ಸಂಸತ್ತಿನ ಎರಡೂ ಸದನಗಳ ಮಾನ್ಯ ಸದಸ್ಯರಿಗೆ ನಮಸ್ಕಾರಗಳು.

ನನ್ನ ಮಗನಿಗೆ ಪಾಠ ಹೇಳಿಕೊಡುವ ಟೀಚರ್ ಒಬ್ಬರ ಮೇಲ್ಮನವಿ ವಜಾ ಆಗಿದೆ. ಅವರು ಫಿಲಿಪೀನ್ಸ್‌ನವರು. ವಿಶೇಷ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ನಮ್ಮೂರಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಆಟಿಸಂ ಇರುವ ಮಕ್ಕಳ ತರಗತಿ ನೋಡಿಕೊಳ್ಳುತ್ತಾರೆ. ತಮ್ಮ ಕೆಲಸ ಈ ದೇಶಕ್ಕೆ ಬೇಕಾದ ಕೆಲಸ, ಹಾಗಾಗಿ ಶಾಲೆಯವರು ಅರ್ಜಿ ಹಾಕದೇ ಇದ್ದರೂ ತಮ್ಮನ್ನು ಗ್ರೀನ್ ಕಾರ್ಡ್ (ಇಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಸಾಲಿಗೆ ಸೇರಿಸಿಕೊಳ್ಳಿ ಎಂದು ಕೇಳಿದ್ದರು. ಆಗುವುದಿಲ್ಲ ಎಂದು ಉತ್ತರ ಬಂತು. ಮೇಲ್ಮನವಿ ಹಾಕಿದರು. ಅಲ್ಲಿಂದಲೂ ಅದೇ ಉತ್ತರ. ಪಾಠ ಹೇಳುವುದು ಒಳ್ಳೆಯ ಕೆಲಸ, ನೀವು ಅದನ್ನು ಚೆನ್ನಾಗಿ ಮಾಡುತ್ತೀರಿ ಎನ್ನುವುದೂ ಸರಿ, ಆದರೆ ಅದರ ಫಲ ನಿಮ್ಮ ಶಾಲೆಯ ಮಕ್ಕಳಿಗೆ ಮಾತ್ರ ಸಿಗುತ್ತದೆ, ದೇಶಕ್ಕಲ್ಲ. ಪುಟಗಟ್ಟಲೆ ಇದ್ದ ಆದೇಶದ ಸಾರ ಇಷ್ಟೇ.

ಆ ಆದೇಶ ಬರೆದ ಅಧಿಕಾರಿಯ ಮೇಲೆ ನನಗೆ ದೂರಿಲ್ಲ. ಕಾನೂನು ಹೇಗಿದೆಯೋ ಹಾಗೆ ಬರೆದಿದ್ದಾರೆ. ನನ್ನ ದೂರು ಕಾನೂನಿನ ಮೇಲೆ. ಅದನ್ನು ತಿದ್ದುವ ಅಧಿಕಾರ ನಿಮಗೆ ಇದೆ, ಬೇರೆ ಯಾರಿಗೂ ಇಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಾನು ಹಾಸನ ಜಿಲ್ಲೆಯವಳು. ಸಾಫ್ಟ್‌ವೇರ್ ಕೆಲಸಕ್ಕೆ ಬಂದು, ಇಲ್ಲೇ ನೆಲೆ ನಿಂತು, ಈಗ ಈ ದೇಶದ ಪ್ರಜೆ. ಈ ಪತ್ರದ ಇಂಗ್ಲಿಷ್ ಪ್ರತಿ ನನ್ನ ಕ್ಷೇತ್ರದ ಸದಸ್ಯರಿಗೂ ನಮ್ಮ ರಾಜ್ಯದ ಇಬ್ಬರು ಸೆನೆಟರ್‌ಗಳಿಗೂ ಹೋಗಿದೆ. ಕನ್ನಡದಲ್ಲಿ ಬರೆಯಲು ಎರಡು ಕಾರಣ. ಒಂದು, ಇಲ್ಲಿ ಮತ ಹಾಕುವ ಕನ್ನಡಿಗರು ಸಾಕಷ್ಟು ಜನ ಇದ್ದಾರೆ, ವೀಸಾದ ಮಾತು ಬಂದರೆ ನಾವು ಸಾಫ್ಟ್‌ವೇರ್‌ನವರ ಬಗ್ಗೆ ಮಾತ್ರ ಮಾತಾಡುತ್ತೇವೆ. ಇನ್ನೊಂದು, ಅಮೆರಿಕದ ಶಾಲೆಗಳಲ್ಲಿ ಕೆಲಸ ಕೊಡಿಸುತ್ತೇವೆ ಎನ್ನುವ ಏಜೆನ್ಸಿಗಳ ಜಾಹೀರಾತು ನಮ್ಮ ಕಡೆಯ ಬಿ.ಎಡ್. ಆದ ಹುಡುಗ ಹುಡುಗಿಯರ ಫೋನಿಗೂ ಬರುತ್ತದೆ. ಅವರಿಗೂ ಇದು ಗೊತ್ತಿರಲಿ.

ಮೊದಲು ಕಾನೂನಿನ ವಿಷಯ, ಕನ್ನಡದ ಓದುಗರಿಗಾಗಿ. ಕೆಲಸದ ಮೇಲೆ ಗ್ರೀನ್ ಕಾರ್ಡ್ ಕೊಡುವ ದರ್ಜೆಗಳಲ್ಲಿ ಎರಡನೆಯದು ಇಬಿ-2. ಸ್ನಾತಕೋತ್ತರ ಪದವಿ ಇದ್ದವರಿಗೆ, ಅಥವಾ ಪದವಿಯ ಜೊತೆ ಐದು ವರ್ಷದ ಮೇಲ್ಮಟ್ಟದ ಅನುಭವ ಇದ್ದವರಿಗೆ. ಸಾಮಾನ್ಯವಾಗಿ ಮಾಲೀಕರು ಅರ್ಜಿ ಹಾಕಬೇಕು. ಅದಕ್ಕೂ ಮುಂಚೆ, ಈ ಕೆಲಸಕ್ಕೆ ಅರ್ಹರಾದ ಅಮೆರಿಕನ್ನರು ಸಿಗಲಿಲ್ಲ ಎಂದು ಕಾರ್ಮಿಕ ಇಲಾಖೆಯ ಮುಂದೆ ತೋರಿಸಬೇಕು. ಇದೇ ಲೇಬರ್ ಸರ್ಟಿಫಿಕೇಷನ್. ದೇಶದ ಹಿತಕ್ಕೆ ಬೇಕೆಂದು ಕಂಡರೆ ಇದೆಲ್ಲವನ್ನೂ ಬಿಟ್ಟುಕೊಡಬಹುದು, ವ್ಯಕ್ತಿ ತಾನೇ ಅರ್ಜಿ ಹಾಕಬಹುದು ಎಂದು 1990ರ ಕಾಯ್ದೆಯಲ್ಲಿ ನೀವೇ ದಾರಿ ಇಟ್ಟಿದ್ದೀರಿ. ಇದಕ್ಕೆ ಎಲ್ಲರೂ ನ್ಯಾಷನಲ್ ಇಂಟರೆಸ್ಟ್ ವೇವರ್ ಅನ್ನುತ್ತಾರೆ. ಆದರೆ ದೇಶದ ಹಿತ ಎಂದರೆ ಯಾವುದು ಅಂತ ಕಾಯ್ದೆ ಹೇಳಲಿಲ್ಲ. ಅದನ್ನು ಅಧಿಕಾರಿಗಳಿಗೆ ಬಿಟ್ಟಿರಿ.

ಅವರು 1998ರಲ್ಲಿ ಒಂದು ತೀರ್ಪು ಕೊಟ್ಟರು. ಮುಂದೆ ಹದಿನೆಂಟು ವರ್ಷ ಅದೇ ಅಳತೆಗೋಲು ಆಯಿತು. ದಯವಿಟ್ಟು ಅದನ್ನು ಒಮ್ಮೆ ತರಿಸಿಕೊಂಡು ಓದಿ. ಅದು ನ್ಯೂಯಾರ್ಕ್ ರಾಜ್ಯದ ಸಾರಿಗೆ ಇಲಾಖೆ ಸೇತುವೆಗಳ ಇಂಜಿನಿಯರ್ ಒಬ್ಬರಿಗಾಗಿ ಹಾಕಿದ್ದ ಅರ್ಜಿ. ಆ ಅರ್ಜಿ ಬೇರೆ ಕಾರಣಕ್ಕೆ ಬಿದ್ದುಹೋಯಿತು. ಆದರೆ ಒಂದು ಮಾತನ್ನು ಅವರ ಪರವಾಗಿ ಒಪ್ಪಿದರು: ಕೆಲಸ ನಡೆಯುವುದು ನ್ಯೂಯಾರ್ಕ್‌ನಲ್ಲೇ ಆದರೂ ಅಲ್ಲಿನ ರಸ್ತೆ, ಸೇತುವೆಗಳು ದೇಶದ ಸಾರಿಗೆ ವ್ಯವಸ್ಥೆಗೆ ಸೇರಿಕೊಂಡಿವೆ, ಆದ್ದರಿಂದ ಅವು ಚೆನ್ನಾಗಿದ್ದರೆ ಬೇರೆ ಪ್ರದೇಶಗಳಿಗೂ ಅನುಕೂಲ. ಸರಿಯಾದ ಮಾತು. ಅದೇ ತೀರ್ಪಿನ ಅಡಿಟಿಪ್ಪಣಿಯಲ್ಲಿ ಇನ್ನೊಂದು ಮಾತು ಇದೆ. ಶಿಕ್ಷಣ ದೇಶದ ಹಿತಕ್ಕೆ ಬೇಕಾದದ್ದು ಹೌದು, ಆದರೆ ಒಂದು ಪ್ರಾಥಮಿಕ ಶಾಲೆಯ ಒಬ್ಬ ಟೀಚರ್‌ನ ಪ್ರಭಾವ ಈ ವಿನಾಯಿತಿ ಕೊಡುವ ಮಟ್ಟಿಗೆ ದೇಶದ ಹಿತ ಆಗಲಾರದು ಎಂದು.

ಆ ಅರ್ಜಿಯಲ್ಲಿ ಟೀಚರ್ ಯಾರೂ ಇರಲಿಲ್ಲ. ಯಾರೂ ಕೇಳಿರಲಿಲ್ಲ. ಸುಮ್ನೆ ಉದಾಹರಣೆಗೆ ಅಂತ ಬರೆದ ಮಾತು. ಆ ಉದಾಹರಣೆಯೇ ಮುಂದೆ ಎಷ್ಟೋ ಶಿಕ್ಷಕರ ಅರ್ಜಿಗಳನ್ನು ಉರುಳಿಸಿತು.

ನನಗೆ ಅರ್ಥವಾಗದಿರುವುದು ಇದು. ನ್ಯೂಯಾರ್ಕ್‌ನ ಸೇತುವೆ ದೇಶಕ್ಕೆ ಸೇರಿಕೊಂಡಿದೆ, ಸರಿ. ನಮ್ಮೂರಿನ ಪ್ರಾಥಮಿಕ ಶಾಲೆ ಯಾವುದಕ್ಕೆ ಸೇರಿಕೊಂಡಿದೆ? ಇಲ್ಲಿ ಅಕ್ಷರ ಕಲಿತ ಮಕ್ಕಳು ಟೆಕ್ಸಾಸ್‌ಗೆ ಹೋಗುತ್ತಾರೆ, ಒಹಾಯೋಗೆ ಹೋಗುತ್ತಾರೆ, ಸೇನೆಗೆ ಸೇರುತ್ತಾರೆ, ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಆಗುತ್ತಾರೆ. ಸೇತುವೆಯಾದರೂ ಇದ್ದಲ್ಲೇ ಇರುತ್ತದೆ. ಮಕ್ಕಳು ಇರುತ್ತಾರಾ?

2016ರ ಡಿಸೆಂಬರ್‌ನಲ್ಲಿ ಹಳೆಯ ಅಳತೆಗೋಲು ಹೋಗಿ ಹೊಸದು ಬಂತು. ಈಗ ಮೂರು ಪ್ರಶ್ನೆ ಕೇಳುತ್ತಾರೆ. ಕೆಲಸಕ್ಕೆ ಗಟ್ಟಿಯಾದ ಮೌಲ್ಯವೂ ರಾಷ್ಟ್ರಮಟ್ಟದ ಮಹತ್ವವೂ ಇದೆಯಾ? ಅದನ್ನು ಮಾಡಿ ಮುಗಿಸುವ ಶಕ್ತಿ ಈ ವ್ಯಕ್ತಿಗೆ ಇದೆಯಾ? ಎಲ್ಲ ತೂಗಿ ನೋಡಿದರೆ ವಿನಾಯಿತಿ ಕೊಡುವುದರಿಂದ ದೇಶಕ್ಕೆ ಲಾಭವಾ? ಹೊಸ ತೀರ್ಪು ಹಳೆಯದಕ್ಕಿಂತ ಉದಾರವಾದದ್ದು, ಅದನ್ನು ಒಪ್ಪಬೇಕು. ಕೆಲಸ ಒಂದೇ ಊರಿನಲ್ಲಿ ನಡೆದರೂ ರಾಷ್ಟ್ರಮಟ್ಟದ ಮಹತ್ವ ಇರಬಹುದು, ಮುಖ್ಯವಾಗಿ ಆರ್ಥಿಕವಾಗಿ ಹಿಂದುಳಿದ ಪ್ರದೇಶದಲ್ಲಿ ನಾಲ್ಕು ಜನಕ್ಕೆ ಉದ್ಯೋಗ ಸಿಗುವಂತಿದ್ದರೆ, ಅಂತಲೂ ಅದರಲ್ಲಿದೆ. ಆದರೆ ಆ ತೀರ್ಪಿನಲ್ಲೂ ಪಾಠಕ್ಕೆ ಸಿಕ್ಕಿದ್ದು ಅದೇ ಜಾಗ. ಅರ್ಜಿ ಹಾಕಿದ್ದ ಇಂಜಿನಿಯರ್ ಸಂಶೋಧನೆಯನ್ನೂ ಮಾಡುತ್ತಿದ್ದರು, ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಹೇಳುತ್ತಿದ್ದರು. ಅವರ ಸಂಶೋಧನೆಗೆ ವಿನಾಯಿತಿ ಸಿಕ್ಕಿತು. ಪಾಠ ಹೇಳುವುದರಿಂದ ಆ ಕ್ಷೇತ್ರಕ್ಕೇ ದೊಡ್ಡ ಮಟ್ಟದಲ್ಲಿ ಏನಾಗುತ್ತದೆ ಎನ್ನುವುದು ಸಾಬೀತಾಗಿಲ್ಲ ಎಂದು ಅದನ್ನು ಪಕ್ಕಕ್ಕಿಟ್ಟರು. ಶಾಲಾ ಶಿಕ್ಷಕರ ಅರ್ಜಿ ಬಂದಾಗ ಈಗ ಅದೇ ಸಾಲನ್ನು ಎತ್ತಿ ತೋರಿಸುತ್ತಾರೆ.

ನಮ್ಮ ಟೀಚರ್‌ಗೆ ಆದದ್ದೂ ಹೀಗೇ. ಮೊದಲ ಪ್ರಶ್ನೆಯ ಅರ್ಧ ಭಾಗದಲ್ಲಿ ಪಾಸು. ಉಳಿದರ್ಧದಲ್ಲಿ ಫೇಲು. ಅಲ್ಲಿ ಫೇಲಾದರೆ ಮಿಕ್ಕ ಎರಡು ಪ್ರಶ್ನೆಗಳನ್ನು ನೋಡುವ ಅಗತ್ಯವೇ ಬೀಳುವುದಿಲ್ಲ.

ಅರ್ಜಿಯ ಜೊತೆ ಪ್ರಾಂಶುಪಾಲರ ಪತ್ರ, ಸಹೋದ್ಯೋಗಿಗಳ ಪತ್ರ, ತರಬೇತಿಯ ಪ್ರಮಾಣಪತ್ರ ಎಲ್ಲ ಇದ್ದವು. ಪೋಷಕರ ಪತ್ರಗಳೂ ಇದ್ದವು, ಅದರಲ್ಲಿ ನನ್ನದೂ ಒಂದು. ನಾನು ಅದರಲ್ಲಿ ಫೈರ್ ಡ್ರಿಲ್ ವಿಷಯ ಬರೆದಿದ್ದೆ. ಇಲ್ಲೂ ಬರೆಯುತ್ತೇನೆ, ಆ ತರಗತಿಯ ಒಳಗೆ ಏನು ನಡೆಯುತ್ತದೆ ಎನ್ನುವುದು ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಾರದು.

ಶಾಲೆಗಳಲ್ಲಿ ಆಗಾಗ ಬೆಂಕಿಯ ಅಲಾರಂ ಹೊಡೆಸಿ ಮಕ್ಕಳನ್ನು ಸಾಲಾಗಿ ಹೊರಗೆ ಕರೆದುಕೊಂಡು ಹೋಗುವ ಅಭ್ಯಾಸ ಮಾಡಿಸುತ್ತಾರೆ. ಬೇರೆ ಮಕ್ಕಳಿಗೆ ಅದು ಪಾಠ ತಪ್ಪಿಸಿಕೊಳ್ಳುವ ಸಂಭ್ರಮ. ನನ್ನ ಮಗನಿಗೆ ಆ ಸದ್ದು ಎಂದರೆ ಮೈಯೆಲ್ಲ ಉರಿ. ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ನುಗ್ಗಿಬಿಡುತ್ತಿದ್ದ. ಎಳೆದರೆ ಕಚ್ಚುತ್ತಿದ್ದ. ಅವನಿಗೆ ಆಗ ಮಾತೂ ಬರುತ್ತಿರಲಿಲ್ಲ. ನಿಜವಾಗಿಯೂ ಬೆಂಕಿ ಬಿದ್ದರೆ ಏನು ಗತಿ ಅಂತ ನಾನು ರಾತ್ರಿ ನಿದ್ದೆ ಬಾರದೆ ಯೋಚಿಸಿದ್ದುಂಟು. ಈ ಟೀಚರ್ ಬಂದ ಮೇಲೆ ಆ ಅಲಾರಂ ಸದ್ದನ್ನು ತಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಮೊದಲು ಕೇಳಿಸಿಯೂ ಕೇಳಿಸದಷ್ಟು ಸಣ್ಣಗೆ ಹಾಕುತ್ತಿದ್ದರು. ಹಾಕಿದ ತಕ್ಷಣ ಅವನ ಕೈ ಹಿಡಿದು ಬಾಗಿಲವರೆಗೆ ನಡೆಸುತ್ತಿದ್ದರು. ಬಾಗಿಲ ಆಚೆ ಅವನಿಗೆ ಇಷ್ಟವಾದ ಬುರುಗಿನ ಗುಳ್ಳೆಗಳ ಡಬ್ಬಿ ಇರುತ್ತಿತ್ತು, ಊದಿ ಆಡಬಹುದು. ದಿನ ಹೋದ ಹಾಗೆ ಸದ್ದು ಒಂದೊಂದೇ ಗೆರೆ ಏರಿಸಿದರು. ಬಾಗಿಲಿಂದ ಕಾರಿಡಾರ್, ಕಾರಿಡಾರಿನಿಂದ ಅಂಗಳ. ವಾರಗಟ್ಟಲೆ ನಡೆಯಿತು ಇದು. ಒಂದು ದಿನ ಶಾಲೆಯ ಅಲಾರಂ ನಿಜವಾಗಿ ಹೊಡೆದಾಗ ನನ್ನ ಮಗ ಕಿವಿಯ ಮೇಲೆ ಕೈ ಇಟ್ಟುಕೊಂಡು, ಅಳುತ್ತಾ, ಆದರೆ ನಡೆದುಕೊಂಡು ಅಂಗಳಕ್ಕೆ ಬಂದ.

ಅವನ ದಿನದ ವೇಳಾಪಟ್ಟಿ ಒಂದು ಉದ್ದನೆಯ ಪಟ್ಟಿಯ ಮೇಲೆ ವೆಲ್ಕ್ರೋದಿಂದ ಅಂಟಿಸಿದ ಚಿತ್ರಗಳು. ಬಸ್ಸು, ಚೀಲ, ತಿಂಡಿ, ಲೆಕ್ಕ, ಆಟ. ಒಂದು ಮುಗಿದರೆ ಆ ಚಿತ್ರ ಕಿತ್ತು ಕೆಳಗಿನ ಜೇಬಿಗೆ ಹಾಕಬೇಕು. ನಮ್ಮ ಮನೆಯಲ್ಲಿ ಕನ್ನಡ ಮಾತಾಡುತ್ತೇವೆ ಅಂತ ಗೊತ್ತಾದ ಮೇಲೆ ನೀರು, ಸಾಕು, ನೋವು ಮುಂತಾದ ಪದಗಳನ್ನು ನನ್ನಿಂದ ಕೇಳಿ ಬರೆದುಕೊಂಡು ಚಿತ್ರದ ಕೆಳಗೆ ಸೇರಿಸಿದರು. ಇದು ಅವರ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಅವರ ತಾಯ್ನುಡಿಯೂ ಕನ್ನಡ ಅಲ್ಲ, ಇಂಗ್ಲಿಷೂ ಅಲ್ಲ.

ಇದು ಒಂದು ಶಾಲೆಯ ಒಂದು ಕೋಣೆಯಲ್ಲಿ ನಡೆದದ್ದು ನಿಜ. ಬೇರೆ ಎಲ್ಲಿ ನಡೆಯಬೇಕಿತ್ತು? ಪಾಠ ನಡೆಯುವುದೇ ಒಂದು ಕೋಣೆಯಲ್ಲಿ.

ಈಗಿನ ನಿಯಮಕ್ಕೆ ಸರಿಹೊಂದಬೇಕು ಅಂದರೆ ಟೀಚರ್ ಏನು ಮಾಡಬೇಕು ಅಂತ ವಕೀಲರನ್ನು ಕೇಳಿ ನೋಡಿ. ತರಗತಿಯ ಕೆಲಸದ ಬಗ್ಗೆ ಜಾಸ್ತಿ ಬರೆಯಬೇಡಿ ಅನ್ನುತ್ತಾರೆ. ಹೊಸ ಬೋಧನಾ ಪದ್ಧತಿ ರೂಪಿಸುತ್ತೇನೆ ಅನ್ನಿ, ರಾಜ್ಯ ರಾಜ್ಯಕ್ಕೆ ಹೋಗಿ ಬೇರೆ ಶಿಕ್ಷಕರಿಗೆ ತರಬೇತಿ ಕೊಡುತ್ತೇನೆ ಅನ್ನಿ, ಆ್ಯಪ್ ಮಾಡುತ್ತೇನೆ ಅನ್ನಿ, ಕನ್ಸಲ್ಟೆನ್ಸಿ ತೆರೆಯುತ್ತೇನೆ ಅನ್ನಿ. ಅಂದರೆ ಮಕ್ಕಳ ಜೊತೆ ಇರುವವರೆಗೆ ನೀವು ದೇಶಕ್ಕೆ ಮುಖ್ಯರಲ್ಲ, ಮಕ್ಕಳನ್ನು ಬಿಟ್ಟು ಹೊರಟರೆ ಮುಖ್ಯರಾಗಬಹುದು. ತರಗತಿಯಲ್ಲಿ ನಿಲ್ಲುವ ಜನ ಸಾಲುತ್ತಿಲ್ಲ ಎಂದು ಒದ್ದಾಡುತ್ತಿರುವ ದೇಶ, ತರಗತಿ ಬಿಟ್ಟು ಹೋಗುವವರಿಗೆ ಬಾಗಿಲು ತೆರೆಯುವ ನಿಯಮ ಇಟ್ಟುಕೊಂಡಿದೆ. ಇದನ್ನು ಬೇಕೆಂದೇ ಯಾರೂ ಮಾಡಿರಲಾರರು. ಆದರೆ ಆಗಿದೆ. ನಮ್ಮ ಟೀಚರ್ ತಾನು ಮಾಡುವ ಕೆಲಸವನ್ನು ಮಾತ್ರ ಬರೆದರು. ಮುಂದೆಯೂ ಇದನ್ನೇ ಮಾಡುತ್ತೇನೆ ಎಂದು ಬರೆದರು. ಅದಕ್ಕೇ ಸೋತರು.

ಶಿಕ್ಷಣ ಸ್ಥಳೀಯ ವಿಷಯ, ರಾಜ್ಯಗಳ ವಿಷಯ, ಅದರಲ್ಲಿ ರಾಷ್ಟ್ರಮಟ್ಟದ್ದು ಏನಿದೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಿಮ್ಮ ಸದನದ ಇತಿಹಾಸವೇ ಉತ್ತರ ಕೊಡುತ್ತದೆ. 1957ರಲ್ಲಿ ರಷ್ಯನ್ನರು ಸ್ಪುಟ್ನಿಕ್ ಹಾರಿಸಿದರು. ಮರುವರ್ಷವೇ ನಿಮ್ಮ ಹಿರಿಯರು ಒಂದು ಶಿಕ್ಷಣ ಕಾಯ್ದೆ ತಂದರು, ಅದಕ್ಕೆ ಇಟ್ಟ ಹೆಸರು ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ. ಅದರ ಅಡಿಯಲ್ಲಿ ಸಾಲ ತೆಗೆದುಕೊಂಡು ಓದಿದವರು ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾದರೆ ಸಾಲದ ಅರ್ಧದವರೆಗೆ ಮನ್ನಾ. ದೇಶದ ರಕ್ಷಣೆಗೆ ಶಾಲೆಯ ಮೇಷ್ಟ್ರು ಬೇಕು ಎಂದು 1958ರಲ್ಲಿ ಒಪ್ಪಿದ ಸದನ ನಿಮ್ಮದು.

1975ರಲ್ಲಿ ಅಂಗವೈಕಲ್ಯ ಇರುವ ಪ್ರತಿ ಮಗುವಿಗೂ ಉಚಿತವಾಗಿ, ಅದಕ್ಕೆ ತಕ್ಕ ಶಿಕ್ಷಣ ಸಿಗಬೇಕು ಎಂದು ಕಾಯ್ದೆ ಮಾಡಿದಿರಿ. ಈಗ ಅದನ್ನು ಐಡಿಇಎ ಎನ್ನುತ್ತೇವೆ. 75 ಲಕ್ಷಕ್ಕೂ ಹೆಚ್ಚು ಮಕ್ಕಳು ಆ ಕಾಯ್ದೆಯ ಅಡಿಯಲ್ಲಿ ಓದುತ್ತಿದ್ದಾರೆ. ಸರ್ಕಾರಿ ಶಾಲೆಯ ಮಕ್ಕಳಲ್ಲಿ ನೂರಕ್ಕೆ ಸುಮಾರು ಹದಿನೈದು ಜನ. ನನ್ನ ಮಗ ಅವರಲ್ಲಿ ಒಬ್ಬ. ಆ ಕಾಯ್ದೆ ಇಲ್ಲದಿದ್ದರೆ ನಾನು ಈ ದೇಶದಲ್ಲಿ ಉಳಿಯುತ್ತಿದ್ದೆನೋ ಇಲ್ಲವೋ. ಅದನ್ನು ಮಾಡಿದವರಿಗೆ ಕೈ ಮುಗಿಯುತ್ತೇನೆ. ಅದರ ಹೆಚ್ಚುವರಿ ಖರ್ಚಿಗಾಗಿ, ಒಂದು ಮಗುವಿಗೆ ದೇಶದಲ್ಲಿ ಸರಾಸರಿ ಆಗುವ ವೆಚ್ಚದ ನೂರಕ್ಕೆ 40ರಷ್ಟನ್ನು ಕೇಂದ್ರ ಕೊಡುತ್ತದೆ ಎಂದು ಅವತ್ತು ಮಾತು ಕೊಟ್ಟಿದ್ದರು. ಒಂದು ವರ್ಷವೂ ಅದು ಪೂರ್ತಿ ಬಂದಿಲ್ಲ. ಅದು ಬೇರೆಯೇ ಪತ್ರಕ್ಕೆ ಆಗುವಷ್ಟು ವಿಷಯ, ಇರಲಿ.

ಇನ್ನೂ ಇದೆ. ಬಡ ಮಕ್ಕಳು ಹೆಚ್ಚಿರುವ ಶಾಲೆಯಲ್ಲಿ ಸತತ ಐದು ವರ್ಷ ಪಾಠ ಹೇಳಿದ ಶಿಕ್ಷಕರಿಗೆ ಕೇಂದ್ರ ಸರ್ಕಾರ ವಿದ್ಯಾಭ್ಯಾಸದ ಸಾಲ ಮನ್ನಾ ಮಾಡುತ್ತದೆ. ಸಾಮಾನ್ಯವಾಗಿ 5,000 ಡಾಲರ್‌ವರೆಗೆ. ಹೈಸ್ಕೂಲಿನ ಗಣಿತ, ವಿಜ್ಞಾನದವರಿಗೆ ಮತ್ತು ವಿಶೇಷ ಶಿಕ್ಷಣದವರಿಗೆ 17,500 ಡಾಲರ್‌ವರೆಗೆ. ಯಾವ ರಾಜ್ಯದಲ್ಲಿ ಯಾವ ವಿಷಯಕ್ಕೆ ಶಿಕ್ಷಕರ ಕೊರತೆ ಇದೆ ಎಂದು ಶಿಕ್ಷಣ ಇಲಾಖೆ ಪಟ್ಟಿಯನ್ನೇ ಪ್ರಕಟಿಸುತ್ತದೆ. ಹೆಚ್ಚಿನ ರಾಜ್ಯಗಳ ಹೆಸರಿನ ಮುಂದೆ ವಿಶೇಷ ಶಿಕ್ಷಣ ಇದ್ದೇ ಇರುತ್ತದೆ. ಅಮೆರಿಕದಲ್ಲಿ ಹುಟ್ಟಿದ ಟೀಚರ್ ಈ ಕೋಣೆಯಲ್ಲಿ ನಿಂತರೆ ಅದು ದೇಶದ ಬೊಕ್ಕಸದಿಂದ ಹಣ ಕೊಡುವಷ್ಟು ಮುಖ್ಯ. ಮನಿಲಾದಿಂದಲೋ ಮೈಸೂರಿನಿಂದಲೋ ಬಂದವರು ಅದೇ ಕೋಣೆಯಲ್ಲಿ ನಿಂತರೆ ಅದು ಸ್ಥಳೀಯ ವಿಷಯ. ಇವೆರಡೂ ಒಟ್ಟಿಗೆ ಹೇಗೆ ಸರಿ ಆಗುತ್ತವೆ?

ಶಾಲೆಯವರೇ ಅರ್ಜಿ ಹಾಕಬಹುದಲ್ವಾ ಅಂತ ನೀವು ಕೇಳುತ್ತೀರಿ. ಹಾಕಬಹುದು. ಆದರೆ ಲೇಬರ್ ಸರ್ಟಿಫಿಕೇಷನ್‌ಗೆ ಆಗುವ ವಕೀಲರ ಖರ್ಚು, ಜಾಹೀರಾತಿನ ಖರ್ಚು ಎಲ್ಲವನ್ನೂ ಮಾಲೀಕರೇ ಕೊಡಬೇಕು ಎಂದು 2007ರಿಂದ ನಿಯಮ ಇದೆ. ಒಳ್ಳೆಯ ನಿಯಮ, ನೌಕರರ ಜೇಬಿಗೆ ಕೈ ಹಾಕಬಾರದು. ಆದರೆ ಬಸ್ ಡ್ರೈವರ್‌ಗೆ ಸಂಬಳ ಹೊಂದಿಸಲು ಪರದಾಡುವ ಶಾಲಾ ಮಂಡಳಿಗಳು ಇದಕ್ಕೆ ಕೈ ಹಾಕುವುದೇ ಇಲ್ಲ. ನಮ್ಮ ಕಡೆಯ ಮಂಡಳಿ ಹಾಕುವುದಿಲ್ಲ ಎಂದು ಖಡಾಖಂಡಿತ ಹೇಳಿಬಿಟ್ಟಿದೆ. ಇನ್ನೊಂದು ತೊಡಕು ಇದೆ, ಇದು ಹೊರಗಿನವರಿಗೆ ಗೊತ್ತೇ ಇರುವುದಿಲ್ಲ. ಕಾಲೇಜು, ವಿಶ್ವವಿದ್ಯಾಲಯದ ಅಧ್ಯಾಪಕರ ವಿಷಯದಲ್ಲಿ ಬಂದ ಅರ್ಜಿಗಳಲ್ಲಿ ಹೆಚ್ಚು ಅರ್ಹರು ಯಾರೋ ಅವರನ್ನು ಆರಿಸಿಕೊಳ್ಳಲು ಕಾರ್ಮಿಕ ಇಲಾಖೆ ಬಿಡುತ್ತದೆ. ಶಾಲೆಯ ಶಿಕ್ಷಕರಿಗೆ ಆ ಸೌಲಭ್ಯ ಇಲ್ಲ. ಕನಿಷ್ಠ ಅರ್ಹತೆ ಇರುವ ಒಬ್ಬ ಅಮೆರಿಕನ್ ಅರ್ಜಿ ಹಾಕಿದರೂ ಕಡತ ಅಲ್ಲಿಗೇ ಮುಗಿಯಿತು. ಅವರು ಮುಂದೆ ಒಂದು ವರ್ಷ ನಿಲ್ಲುತ್ತಾರೋ ಒಂದು ತಿಂಗಳು ನಿಲ್ಲುತ್ತಾರೋ ಯಾರೂ ಕೇಳುವುದಿಲ್ಲ. ಪದವಿ ತರಗತಿಗೆ ಉತ್ತಮರು ಬೇಕು, ಮಾತು ಬಾರದ ಮಗುವಿಗೆ ಕನಿಷ್ಠ ಅರ್ಹರು ಸಾಕು. ನನಗೆ ಇದು ತಲೆಕೆಳಗಾಗಿ ಕಾಣುತ್ತದೆ.

ಮೇಲ್ಮನವಿ ಬಿದ್ದ ಮೇಲೆ ನಮ್ಮ ಟೀಚರ್‌ಗೆ ಉಳಿದಿರುವುದು ತಾತ್ಕಾಲಿಕ ಕೆಲಸದ ವೀಸಾ ಆದ ಎಚ್‌-1ಬಿಯ ಆರು ವರ್ಷದ ಮಿತಿಯ ಕೊನೆಯ ಭಾಗ. ಅದು ಮುಗಿದರೆ ಊರಿಗೆ ಹೋಗಬೇಕು. ಒಂದು ವರ್ಷ ಹೊರಗಿದ್ದು ಮತ್ತೆ ಬರಬಹುದು ಎನ್ನುತ್ತದೆ ಕಾನೂನು. ಆದರೆ ಸಾಮಾನ್ಯ ಶಾಲಾ ಮಂಡಳಿಗಳು ವರ್ಷಕ್ಕೆ 85,000 ಹೊಸ ವೀಸಾಗಳ ಮಿತಿಯ ಒಳಗೇ ಬರುತ್ತವೆ, ಅಂದರೆ ಲಾಟರಿಯಲ್ಲಿ ಹೆಸರು ಬರಬೇಕು. ಅದರ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರ ಘೋಷಣೆ ಬಂತು, ಹೊರದೇಶದಿಂದ ಹೊಸದಾಗಿ ಕರೆಸಿಕೊಳ್ಳುವ ಎಚ್‌-1ಬಿಗೆ 1,00,000 ಡಾಲರ್ ಕಟ್ಟಬೇಕು ಎಂದು. ಯಾವ ಹಳ್ಳಿಯ ಶಾಲೆ ಅಷ್ಟು ಕಟ್ಟುತ್ತದೆ?

ಈ ಶಿಕ್ಷಕರು ಇಲ್ಲಿ ಪಟ್ಟ ಪಾಡೂ ನಿಮಗೆ ನೆನಪಿರಲಿ. ನಿಮ್ಮ ರಾಜಧಾನಿಯ ಪಕ್ಕದಲ್ಲೇ ಇರುವ ಮೇರಿಲ್ಯಾಂಡ್‌ನ ಪ್ರಿನ್ಸ್ ಜಾರ್ಜ್ಸ್ ಕೌಂಟಿಯ ಶಾಲಾ ಮಂಡಳಿ ಎಚ್‌-1ಬಿಯ ಶುಲ್ಕವನ್ನು ಶಿಕ್ಷಕರ ಕೈಯಿಂದಲೇ ಕಟ್ಟಿಸಿತ್ತು ಎಂದು ಕಾರ್ಮಿಕ ಇಲಾಖೆ 2011ರಲ್ಲಿ ಕಂಡುಹಿಡಿಯಿತು. ಸಾವಿರಕ್ಕೂ ಹೆಚ್ಚು ಶಿಕ್ಷಕರು, ಬಹುಪಾಲು ಫಿಲಿಪೀನ್ಸ್‌ನವರು. ಅವರಿಗೆ ಒಟ್ಟು 42 ಲಕ್ಷ ಡಾಲರ್ ವಾಪಸ್ ಕೊಡಿಸಿದರು, ಸರಿ. ಜೊತೆಗೆ ಆ ಮಂಡಳಿ ಎರಡು ವರ್ಷ ವೀಸಾ ಅರ್ಜಿ ಹಾಕುವಂತಿಲ್ಲ ಎಂದರು. ತಪ್ಪು ಮಂಡಳಿಯದು, ವೀಸಾ ಮುಂದುವರಿಯದೆ ಮನೆಗೆ ಹೋಗಬೇಕಾದವರು ಶಿಕ್ಷಕರು. ಲೂಯಿಸಿಯಾನಾದಲ್ಲಿ ನೇಮಕಾತಿ ಏಜೆನ್ಸಿಯೊಂದು ಫಿಲಿಪೀನ್ಸ್‌ನ ಶಿಕ್ಷಕರಿಂದ ಸಾವಿರಾರು ಡಾಲರ್ ಕಿತ್ತುಕೊಂಡಿತ್ತು. ಸುಮಾರು 350 ಶಿಕ್ಷಕರು ಕೋರ್ಟಿಗೆ ಹೋದರು. 2012ರಲ್ಲಿ ಜ್ಯೂರಿ ಅವರಿಗೆ 45 ಲಕ್ಷ ಡಾಲರ್ ಕೊಡಬೇಕೆಂದಿತು. ಮಾಲೀಕರ ಸಹಿ ಇಲ್ಲದೆ ಇಲ್ಲಿ ಉಳಿಯಲಾಗದ ಜನರನ್ನು ಹೀಗೆ ಹಿಂಡುವುದು ಸುಲಭ. ಸ್ವಂತ ಅರ್ಜಿಯ ದಾರಿ ಇದ್ದಿದ್ದರೆ ಯಾರ ಹಂಗಿನಲ್ಲೂ ಇರಬೇಕಾಗುತ್ತಿರಲಿಲ್ಲ.

ಶಿಕ್ಷಕರ ಸಂಘದ ಗೆಳತಿಯೊಬ್ಬರು ನನಗೆ ಹೇಳಿದರು, ಸಂಬಳ ಜಾಸ್ತಿ ಮಾಡಲಿ, ಕೆಲಸದ ಹೊರೆ ಕಡಿಮೆ ಮಾಡಲಿ, ಇಲ್ಲಿಯವರೇ ಬರುತ್ತಾರೆ, ಹೊರಗಿನಿಂದ ತರುವುದು ಮಂಡಳಿಗಳಿಗೆ ತಪ್ಪಿಸಿಕೊಳ್ಳುವ ದಾರಿ ಅಂತ. ಆ ಮಾತಿನಲ್ಲಿ ಹುರುಳಿದೆ. ಸಂಬಳ ಖಂಡಿತ ಜಾಸ್ತಿ ಆಗಬೇಕು. ಆದರೆ ಸರ್ಕಾರಿ ಶಾಲೆಯ ಸಂಬಳ ಪಟ್ಟಿಯ ಮೇಲೆ ನಡೆಯುತ್ತದೆ, ಓದಿಗೆ ಮತ್ತು ಅನುಭವಕ್ಕೆ ತಕ್ಕ ಹಾಗೆ, ಪಾಸ್‌ಪೋರ್ಟ್ ನೋಡಿ ಅಲ್ಲ. ಹೊರಗಿನ ಟೀಚರ್‌ಗೆ ಗ್ರೀನ್ ಕಾರ್ಡ್ ಸಿಕ್ಕರೆ ಅವರೂ ಸಂಘದ ಸಭೆಯಲ್ಲಿ ಎದ್ದು ನಿಂತು ಧೈರ್ಯವಾಗಿ ಮಾತಾಡಬಹುದು. ಈಗ ಆಗುವುದಿಲ್ಲ. ಹೆದರಿಕೆಯಲ್ಲಿ ಇರುವ ಸಹೋದ್ಯೋಗಿ ಯಾವ ಸಂಘಕ್ಕೂ ಬಲ ಅಲ್ಲ.

ಇನ್ನು ನನ್ನ ಬೇಡಿಕೆ. ಇದಕ್ಕೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ. 1998ರ ಆ ತೀರ್ಪು ಬಂದ ಮರುವರ್ಷ, 1999ರಲ್ಲಿ, ವೈದ್ಯರಿಗಾಗಿ ನೀವು ಇದೇ ಕಾಯ್ದೆಗೆ ಒಂದು ಕಲಂ ಸೇರಿಸಿದಿರಿ. ವೈದ್ಯರ ಕೊರತೆ ಇರುವ ಪ್ರದೇಶದಲ್ಲಿ ಅಥವಾ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಐದು ವರ್ಷ ಪೂರ್ಣಾವಧಿ ಕೆಲಸ ಮಾಡಲು ಒಪ್ಪಿದರೆ, ಅದು ಜನಹಿತಕ್ಕೆ ಬೇಕು ಎಂದು ರಾಜ್ಯದ ಆರೋಗ್ಯ ಇಲಾಖೆಯೋ ಕೇಂದ್ರದ ಇಲಾಖೆಯೋ ಹೇಳಿದರೆ, ವಿನಾಯಿತಿ ಕೊಡಲೇಬೇಕು. ಆ ವೈದ್ಯರ ಪ್ರಭಾವ ದೇಶಕ್ಕೆಲ್ಲ ಹರಡುತ್ತದಾ ಎಂದು ಯಾರೂ ಕೇಳುವುದಿಲ್ಲ. ಕೇಳಬಾರದು ಕೂಡ. ಒಂದು ಊರಿನ ಒಂದು ಕ್ಲಿನಿಕ್‌ನ ಒಬ್ಬ ಡಾಕ್ಟರ್ ಸಾಕು ಎಂದು ನೀವೇ ಬರೆದಿದ್ದೀರಿ.

ಅದೇ ಕಲಮಿನ ಪಕ್ಕದಲ್ಲಿ ಶಿಕ್ಷಕರಿಗೂ ಒಂದು ಕಲಂ ಬರೆಯಿರಿ. ಕೊರತೆಯ ಪಟ್ಟಿ ಶಿಕ್ಷಣ ಇಲಾಖೆಯ ಬಳಿ ಇದೆ. ಬಡ ಮಕ್ಕಳ ಶಾಲೆಗಳ ಪಟ್ಟಿ ಸಾಲ ಮನ್ನಾಕ್ಕಾಗಿ ತಯಾರಾಗಿದೆ. ಐದು ವರ್ಷದ ಲೆಕ್ಕ ವೈದ್ಯರ ಕಲಮಿನಲ್ಲೂ ಇದೆ, ಸಾಲ ಮನ್ನಾದಲ್ಲೂ ಇದೆ. ಆ ಪಟ್ಟಿಯ ವಿಷಯವನ್ನು, ಆ ಪಟ್ಟಿಯ ಶಾಲೆಯಲ್ಲಿ, ಐದು ವರ್ಷ ಕಲಿಸುವವರಿಗೆ ರಾಜ್ಯದ ಶಿಕ್ಷಣ ಇಲಾಖೆ ಪತ್ರ ಕೊಟ್ಟರೆ ವಿನಾಯಿತಿ ಸಿಗಲಿ. ಐದು ವರ್ಷ ತುಂಬುವ ಮೊದಲೇ ಬಿಟ್ಟು ಹೋದರೆ ಸಿಗದಿರಲಿ. ಇದರಿಂದ ಗ್ರೀನ್ ಕಾರ್ಡ್‌ಗಳ ಒಟ್ಟು ಸಂಖ್ಯೆ ಒಂದೂ ಹೆಚ್ಚಾಗುವುದಿಲ್ಲ. ಇರುವ ಸಾಲಿನಲ್ಲೇ ನಿಲ್ಲುತ್ತಾರೆ. ಭಾರತದಲ್ಲಿ ಹುಟ್ಟಿದವರಾದರೆ ಆ ಸಾಲು ಎಷ್ಟು ಉದ್ದ ಎಂದು ಇದನ್ನು ಓದುವ ಕನ್ನಡಿಗರಿಗೆ ನಾನು ಹೇಳಬೇಕಾಗಿಲ್ಲ.

ಕಾಯ್ದೆಗೆ ಸಮಯ ಹಿಡಿಯುತ್ತದೆ, ಗೊತ್ತು. ಅಲ್ಲಿಯವರೆಗೆ ಇನ್ನೊಂದು ದಾರಿ ಇದೆ. ನರ್ಸ್‌ಗಳು ಮತ್ತು ಫಿಸಿಯೋಥೆರಪಿಸ್ಟ್‌ಗಳು ಸಾಕಷ್ಟು ಇಲ್ಲ ಎಂದು ಕಾರ್ಮಿಕ ಇಲಾಖೆ ಬಹಳ ಹಿಂದೆಯೇ ಒಪ್ಪಿ, ಅವರನ್ನು ಶೆಡ್ಯೂಲ್ ಎ ಎಂಬ ಪಟ್ಟಿಯಲ್ಲಿ ಇಟ್ಟಿದೆ. ಅವರಿಗೆ ಲೇಬರ್ ಸರ್ಟಿಫಿಕೇಷನ್‌ನ ಜಾಹೀರಾತು, ಕಾಯುವಿಕೆ ಯಾವುದೂ ಇಲ್ಲ. ಆ ಪಟ್ಟಿಗೆ ಬೇರೆ ಉದ್ಯೋಗಗಳನ್ನು ಸೇರಿಸಬೇಕೇ ಎಂದು ಇಲಾಖೆ 2023ರ ಡಿಸೆಂಬರ್‌ನಲ್ಲಿ ಸಾರ್ವಜನಿಕರ ಅಭಿಪ್ರಾಯವನ್ನೂ ಕೇಳಿತ್ತು. ವಿಶೇಷ ಶಿಕ್ಷಣದ ಶಿಕ್ಷಕರನ್ನು ಅದಕ್ಕೆ ಸೇರಿಸಿ ಎಂದು ನೀವು ಒಂದು ಪತ್ರ ಬರೆದರೂ ಆಗುತ್ತದೆ. ಶಾಲೆಗಳ ಖರ್ಚು, ತಲೆನೋವು ಎರಡೂ ಎಷ್ಟೋ ಇಳಿಯುತ್ತದೆ.

ಇಲ್ಲಿರುವ ಕನ್ನಡಿಗ ಬಂಧುಗಳೇ, ನಿಮಗೂ ಒಂದು ಮಾತು. ನಮ್ಮಲ್ಲಿ ಎಷ್ಟೋ ಜನ ಏಕೋಪಾಧ್ಯಾಯ ಶಾಲೆಯಿಂದ ಬಂದವರು. ನಾನು ಓದಿದ್ದೂ ಅಂಥದ್ದರಲ್ಲೇ. ಒಬ್ಬ ಮೇಷ್ಟ್ರಿಗೆ ವರ್ಗವಾದರೆ ಊರಿನ ಶಾಲೆ ಏನಾಗುತ್ತದೆ ಎಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ನಿಮ್ಮ ಕ್ಷೇತ್ರದ ಸದಸ್ಯರ ಕಚೇರಿಗೆ ಫೋನ್ ಮಾಡಿ. ಎಚ್‌-1ಬಿಯ ಬಗ್ಗೆ, ಗ್ರೀನ್ ಕಾರ್ಡ್‌ಗೆ ಇರುವ ದೇಶವಾರು ನೂರಕ್ಕೆ ಏಳರ ಮಿತಿಯ ಬಗ್ಗೆ ಮಾತಾಡುವಾಗ ಶಿಕ್ಷಕರ ಹೆಸರನ್ನೂ ಸೇರಿಸಿ. ಊರಿನಲ್ಲಿರುವ ಶಿಕ್ಷಕ ಮಿತ್ರರೇ, ಏಜೆನ್ಸಿಗೆ ಹಣ ಕಟ್ಟುವ ಮೊದಲು ಶಾಲಾ ಮಂಡಳಿಯ ಹೆಸರು ಕೇಳಿ, ಅವರು ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕುತ್ತಾರಾ ಎಂದು ಬರವಣಿಗೆಯಲ್ಲಿ ಕೇಳಿ. ಎಚ್‌-1ಬಿ ಅರ್ಜಿಯ ಖರ್ಚನ್ನು ನಿಮ್ಮಿಂದ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಸ್ವಂತ ಅರ್ಜಿ ಹಾಕಿಕೊಳ್ಳಬಹುದು ಎಂದು ಅವರು ಹೇಳಿದರೆ, ತರಗತಿಯ ಶಿಕ್ಷಕರಿಗೆ ಆ ದಾರಿ ಇವತ್ತು ಹೆಚ್ಚುಕಡಿಮೆ ಮುಚ್ಚಿದೆ ಎಂಬುದು ನೆನಪಿರಲಿ.

ಮಾನ್ಯ ಸದಸ್ಯರೇ, ಆಗಸ್ಟ್ ಬಿಡುವಿನಲ್ಲಿ ನೀವು ಊರಿಗೆ ಬಂದು ಸಾರ್ವಜನಿಕ ಸಭೆ ನಡೆಸುತ್ತೀರಿ. ನಮ್ಮ ಕ್ಷೇತ್ರದ ಸಭೆಗೆ ನಾನು ಬರುತ್ತೇನೆ, ನಮ್ಮ ಶಾಲೆಯ ಇನ್ನೂ ಕೆಲವು ಪೋಷಕರು ಬರುತ್ತಾರೆ. ನಮ್ಮ ಪ್ರಶ್ನೆ ಒಂದೇ. 1999ರಲ್ಲಿ ಡಾಕ್ಟರಿಗೆ ಬರೆದ ಕಲಮನ್ನು ಟೀಚರ್‌ಗೂ ಬರೆಯುವ ಮಸೂದೆ ತಂದರೆ ನೀವು ಅದರ ಪರ ಮತ ಹಾಕುತ್ತೀರಾ? ಹೌದು ಅಥವಾ ಇಲ್ಲ ಎಂದು ಉತ್ತರ ಕೊಡಿ.

ಇಂತಿ,
ನಿಮ್ಮ ಮತದಾರಳು, ಒಬ್ಬ ವಿದ್ಯಾರ್ಥಿಯ ತಾಯಿ